ಮಾಊನ್ ಅಧ್ಯಾಯದ ಟಿಪ್ಪಣಿ

ದೊಡ್ಡಪ್ಪನವರಿಗೆ ಸಲಾಂ,

ನಿಮ್ಮ ಶುಕ್ರವಾರದ ಉಪನ್ಯಾಸಕ್ಕೆಂದು ನಾನು ಬರೆದುಕೊಟ್ಟ, ಕುರ್‌ಆನಿನ ಮಾಊನ್ ಅಧ್ಯಾಯದ ಟಿಪ್ಪಣಿ ವಾಪಸ್ ಬಂತು. ಅನಾಥರ ಭಾಗಕ್ಕೆ ಗೀಟು ಎಳೆದು, ಪಕ್ಕದಲ್ಲಿ 'ಉದ್ದ ಆಯ್ತು, ನಮಾಜಿನದ್ದು ಮಾತ್ರ ಸಾಕು' ಎಂದು ಬರೆದಿದ್ದೀರಿ. ಇಡೀ ಅಧ್ಯಾಯದಲ್ಲಿ ಇರುವುದೇ ಏಳು ವಚನ ದೊಡ್ಡಪ್ಪ. ಅದರಲ್ಲಿ ಉದ್ದವಾದದ್ದು ಯಾವುದು?

ಹಿನ್ನೆಲೆ ನಾನು ಕಟ್ಟಿದ್ದಲ್ಲ. ಅನಾಥನೊಬ್ಬ ತನ್ನದೇ ಸೊತ್ತು ಕೇಳಲು ಬಂದಾಗ, ಸಾಕುವ ಹೊಣೆ ಹೊತ್ತವನೇ ಅವನನ್ನು ತಳ್ಳಿ ಅಟ್ಟಿದನೆಂದು ವ್ಯಾಖ್ಯಾನದಲ್ಲಿದೆ. ಕೊನೆಯ ವಚನ ಸೂಜಿ, ಬಕೆಟ್ಟು, ಪಾತ್ರೆಯಂಥ ಸಣ್ಣಪುಟ್ಟ ವಸ್ತುವನ್ನೂ ಕೊಡದವರ ಬಗ್ಗೆ. ಹೊಲಿಗೆ ಯಂತ್ರ ಎಂದು ಅಲ್ಲಿಲ್ಲ, ಒಪ್ಪಿದೆ.

ಅಮ್ಮ ತೀರಿಕೊಂಡ ವಾರವೇ ಅವಳ ಯಂತ್ರವನ್ನು ನಿಮ್ಮ ಅಂಗಡಿಗೆ ಸಾಗಿಸಿದಿರಿ. ಮೂರು ಸಲ ಕೇಳಿದೆ. ಮೂರನೆಯ ಸಲ, 'ಉಂಡ ಮನೆಗೇ ಎರಡು ಬಗೀತೀಯಾ?' ಎಂದು ಮುಖಕ್ಕೇ ಬಾಗಿಲು ಹಾಕಿದಿರಿ.

ಟಿಪ್ಪಣಿಯನ್ನು ಮತ್ತೆ ಪೂರ್ತಿ ಬರೆದು ಇದರೊಂದಿಗೆ ಇಟ್ಟಿದ್ದೇನೆ, ಒಂದು ಸಾಲೂ ಬಿಟ್ಟಿಲ್ಲ. ಗುರುವಾರದೊಳಗೆ ಯಂತ್ರ ಕಳುಹಿಸಿ, ಬೆಲ್ಟ್ ಸಮೇತ. ಕಳುಹಿಸದಿದ್ದರೂ ಉಪನ್ಯಾಸಕ್ಕೆ ಬರುತ್ತೇನೆ. ಹೆಂಗಸರ ಸಾಲಿನಲ್ಲಿ ಯಾರಾದರೂ ಉದಾಹರಣೆ ಕೇಳಿದರೆ, ನೀವು ತಡಕಾಡುವುದು ಬೇಡ, ನಾನೇ ಎದ್ದು ನಿಲ್ಲುತ್ತೇನೆ.

ಇತಿ,
ತೀರಿಹೋದ ನಿಮ್ಮ ತಮ್ಮನ ಮಗಳು