ಆ ತೆಂಗಿನ ಗರಿ ನಿಮ್ಮ ಸ್ವಾಗತಕ್ಕೆ ಕಟ್ಟಿದ್ದಲ್ಲ

ಜಿಲ್ಲಾ ಪ್ರವಾಸೋದ್ಯಮ ಕಚೇರಿಯ ಮಾನ್ಯ ಮುಖ್ಯಸ್ಥರೇ,

ನಮ್ಮ ದ್ವೀಪದ ಈ ಕೊಲ್ಲಿಯಲ್ಲಿ ನೀವು ಕಟ್ಟಲು ಹೊರಟಿರುವ ಜಲಕ್ರೀಡಾ ವಿಹಾರಧಾಮಕ್ಕೆ ‘ಸ್ಥಳೀಯ ವ್ಯಾಪಾರಸ್ಥರ ಸರ್ವಾನುಮತದ, ಹೃತ್ಪೂರ್ವಕ ಬೆಂಬಲ’ ಇದೆಯೆಂದು ನಿಮ್ಮ ವರದಿ ಹೇಳುತ್ತದೆ. ಆ ಸ್ಥಳೀಯ ವ್ಯಾಪಾರಸ್ಥರಲ್ಲಿ ನಾನೂ ಒಬ್ಬಳು. ದೋಣಿಕಟ್ಟೆಯ ಪಕ್ಕದಲ್ಲಿ ಬಾಳೆಹಣ್ಣು ಕರಿದು, ಕಾಫಿ ಕಾಸಿ ಮಾರುತ್ತೇನೆ. ನಾನು ಬೆಂಬಲ ಕೊಟ್ಟಿಲ್ಲ. ನನ್ನ ಪಕ್ಕದಲ್ಲಿ ಒಣಮೀನು ಮಾರುವ ಮಿನ್ಸೆ ಕೊಟ್ಟಿಲ್ಲ. ದೋಣಿಯ ಇಂಜಿನ್ ರಿಪೇರಿ ಮಾಡುವ ಎಲ್ಸೆಯೋಸ್ ಕೊಟ್ಟಿಲ್ಲ. ನಮ್ಮೂರಿನಲ್ಲಿ ವ್ಯಾಪಾರಸ್ಥರೆಂದರೆ ಹೆಚ್ಚುಕಡಿಮೆ ಇಷ್ಟೇ ಜನ. ಹಾಗಾದರೆ ಆ ಹೃದಯ ಯಾರದ್ದು ಸ್ವಾಮಿ?

ನಿಮ್ಮ ವರದಿಯನ್ನು ನನ್ನ ತಂಗಿಯ ಮಗಳು ಮೊಬೈಲಿನಲ್ಲಿ ತೋರಿಸಿದಳು. ಫೋಟೋ ಬಹಳ ಚೆನ್ನಾಗಿ ಬಂದಿದೆ. ಕಡಲ ದಡದಲ್ಲಿ ನೆಟ್ಟ ಗೂಟಗಳು, ಗೂಟದಿಂದ ಗೂಟಕ್ಕೆ ಇಳಿಬಿಟ್ಟ ಎಳೆ ತೆಂಗಿನ ಗರಿ, ಅದರ ಕೆಳಗೆ ಮದುಮಗನ ಹಾಗೆ ನಗುತ್ತ ನಿಂತಿರುವ ತಾವು. ಕೆಳಗೆ ಬರೆಸಿದ್ದೀರಿ: ‘ಗ್ರಾಮಸ್ಥರು ತೀರವನ್ನು ತೆಂಗಿನ ಗರಿಗಳಿಂದ ಸಿಂಗರಿಸಿ ಅಧಿಕಾರಿಗಳನ್ನು ಬರಮಾಡಿಕೊಂಡರು. ಯಾರೊಬ್ಬರಿಂದಲೂ ಆಕ್ಷೇಪ ಬರಲಿಲ್ಲ. ಉಚಿತ ಉಪಾಹಾರ ನೀಡಿ ಸಂತಸ ವ್ಯಕ್ತಪಡಿಸಿದರು.’ ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮಿನ್ಸೆ ಮಾತ್ರ ನಕ್ಕಳು, ಆಮೇಲೆ ನೆಲಕ್ಕೆ ಉಗಿದಳು.

ಮಾನ್ಯರೇ, ಅದು ತೋರಣವಲ್ಲ, ಸಾಸಿಯ ಗರಿ. ಸಾಸಿ ಎಂದರೆ ಕೊಲ್ಲಿಗೆ ನಮ್ಮ ಹಿರಿಯರು ಹಾಕುವ ನಿಷೇಧ. ಆ ಗರಿ ಕಟ್ಟಿದ ದಿನದಿಂದ ಬಿಚ್ಚುವ ದಿನದವರೆಗೆ ಅದನ್ನು ದಾಟಿ ಯಾರೂ ಒಳಗೆ ಕಾಲಿಡುವಂತಿಲ್ಲ. ಕೊಲ್ಲಿಗೆ ಬಲೆ ಹಾಕುವಂತಿಲ್ಲ, ಇಂಜಿನ್ ಓಡಿಸುವಂತಿಲ್ಲ. ಆ ದಡದಲ್ಲಿ ದನಿ ಎತ್ತಿ ಮಾತನಾಡುವುದೂ, ತಕರಾರು ತೆಗೆಯುವುದೂ ತಪ್ಪು. ಮರಿಮೀನು ಒಳಗೆ ಬಂದು ಬೆಳೆಯುವ ಕಾಲ ಅದು. ನಮ್ಮ ಗಂಡಸರು ಕೊಲ್ಲಿಯ ಬಾಯಿಯಲ್ಲೇ ಇಂಜಿನ್ ಆರಿಸಿ, ಗರಿಯ ಹೊರಗೆ ಬಂಡೆಯ ಅಂಚು ಹಿಡಿದು ಹುಟ್ಟು ಹಾಕಿಕೊಂಡು ಮನೆಗೆ ಬರುತ್ತಾರೆ. ಗಂಡ ಹೆಂಡತಿ ಜಗಳವಾಡಬೇಕೆಂದರೂ ದಡ ಬಿಟ್ಟು ಮೇಲಕ್ಕೆ ಹೋಗಬೇಕು. ‘ಒಳಗೆ ಬರಬೇಡಿ’ ಎಂಬ ಬೇಲಿಯೊಳಗೇ ಬಂದಿಳಿದು, ಅದರ ಕೆಳಗೇ ನಿಂತು ಫೋಟೋ ತೆಗೆಸಿಕೊಂಡು, ನಮ್ಮನ್ನು ಬರಮಾಡಿಕೊಂಡರು ಎಂದು ಬರೆಸುವುದಕ್ಕೆ ನಿಜಕ್ಕೂ ದೊಡ್ಡ ಹುದ್ದೆಯೇ ಬೇಕು. ನಮ್ಮಂಥವರ ಕೈಲಿ ಆಗುವ ಕೆಲಸವಲ್ಲ.

ಅಂದು ನಡೆದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ನಿಮ್ಮ ಸ್ಪೀಡ್‌ಬೋಟು ಗುಡುಗುತ್ತ ನೇರ ಕೊಲ್ಲಿಯೊಳಕ್ಕೇ ನುಗ್ಗಿತು. ಚರ್ಚಿನ ಅಂಗಳದಲ್ಲಿ ನಾವು ಬೆಂಚು ಹಾಕಿ, ಕಾಫಿ ಇಟ್ಟು ಕಾಯುತ್ತಿದ್ದೆವು. ನೀವು ಅಲ್ಲಿಗೆ ಬರಲಿಲ್ಲ. ದಡದಲ್ಲೇ, ಗರಿಯ ಒಳಗಡೆ, ಕುರ್ಚಿ ಹಾಕಿಸಿಕೊಂಡು ಕುಳಿತಿರಿ. ನಾವು ಇಳಿದು ಬಂದು ಗರಿಯ ಹೊರಗೆ ಮರಳಿನ ಮೇಲೆ ಕೂತೆವು. ನಿಮ್ಮ ಸಹಾಯಕರು, ಯಾಕಷ್ಟು ದೂರ, ನಾಚಿಕೊಳ್ಳಬೇಡಿ, ಮುಂದೆ ಬನ್ನಿ ಎಂದು ಮೈಕಿನಲ್ಲಿ ಕರೆದರು. ಮೈಕು! ಗರಿ ಕಟ್ಟಿದ ಕೊಲ್ಲಿಯಲ್ಲಿ ಮೈಕು! ನಮ್ಮ ಮುದುಕಿಯರು ಕಿವಿ ಮುಚ್ಚಿಕೊಂಡು ತಲೆ ತಗ್ಗಿಸಿದರು. ಅದನ್ನೇ ನೀವು ವರದಿಯಲ್ಲಿ ‘ಗ್ರಾಮಸ್ಥರದು ಸಂಕೋಚದ ಸ್ವಭಾವ’ ಎಂದಿದ್ದೀರಿ.

ಕೊಲ್ಲಿಯ ಕಾವಲಿನ ಹಿರಿಯ ದೊಮಿಂಗ್ಗುಸ್ ಅಜ್ಜ ನಿಮ್ಮ ಬಳಿಗೆ ಬಂದದ್ದು ನೆನಪಿದೆಯೇ? ಆತ ಗರಿಯ ಹೊರಗೇ ನಿಂತು, ಬಗ್ಗಿ, ಪಿಸುದನಿಯಲ್ಲಿ ಹೇಳಿದ: “ಸಾಹೇಬ್ರೇ, ಇಲ್ಲಿ ಮಾತಾಡೋ ಹಾಗಿಲ್ಲ. ಮೇಲೆ ಚರ್ಚ್ ಹತ್ರ ಬನ್ನಿ. ಅಲ್ಲಿ ಎಲ್ಲಾರೂ ಮಾತಾಡ್ತಾರೆ.”

ನೀವು ಆತನ ಹೆಗಲ ಮೇಲೆ ಕೈ ಹಾಕಿದಿರಿ. “ಬೇಡ ಅಜ್ಜಾ, ಇಲ್ಲೇ ಗಾಳಿ ಚೆನ್ನಾಗಿದೆ. ಎಷ್ಟು ಚಂದ ಸಿಂಗಾರ ಮಾಡಿದೀರಿ, ಬಿಟ್ಟು ಹೋಗೋಕೆ ಮನಸ್ಸಾದ್ರೂ ಹೇಗೆ ಬರುತ್ತೆ?” ಎಂದಿರಿ. ಆಮೇಲೆ ಆತನನ್ನು ಒಳಗೆ ಎಳೆದುಕೊಂಡು ಫೋಟೋ ತೆಗೆಸಿದಿರಿ. ಬಾಳೆಲ್ಲ ಆ ಗರಿಯನ್ನು ಕಾಯ್ದ ಮನುಷ್ಯನ ಕಾಲು ಗರಿ ಕಟ್ಟಿದ ಕಾಲದಲ್ಲಿ ಮೊದಲ ಬಾರಿಗೆ ಒಳಗೆ ಬಿದ್ದದ್ದು ನಿಮ್ಮ ಕೈಯಿಂದ. ಆತ ಮರುದಿನ ಊಟ ಮಾಡಲಿಲ್ಲ. ಇದು ನಿಮ್ಮ ವರದಿಯಲ್ಲಿಲ್ಲ.

ನೀವು ಬೇರೆ ದ್ವೀಪದವರು, ಈಚೆಗೆ ವರ್ಗವಾಗಿ ಬಂದವರು, ಗೊತ್ತಿರಲಿಲ್ಲ ಎನ್ನೋಣ. ಆದರೆ ನಿಮ್ಮ ಪಕ್ಕದ ಕುರ್ಚಿಯಲ್ಲಿದ್ದ ವಾಣಿಜ್ಯ ಮಂಡಳಿಯ ಅಧ್ಯಕ್ಷರು? ಪಟ್ಟಣದಲ್ಲಿ ಏರ್ ಕಂಡೀಷನರ್ ಮಾರುವ ಆ ಮಹನೀಯರು ‘ಈ ಊರಿನ ವ್ಯಾಪಾರಿಗಳ ಪರವಾಗಿ’ ಎಂದು ಭಾಷಣ ಬಿಗಿದರಲ್ಲ, ಅವರ ಅಜ್ಜಿಯ ಊರು ನಮ್ಮ ಪಕ್ಕದ ಊರೇ. ಚಿಕ್ಕಂದಿನಲ್ಲಿ ಇದೇ ದಡದಲ್ಲಿ ಗಲಾಟೆ ಮಾಡಿ ದೊಮಿಂಗ್ಗುಸ್ ಅಜ್ಜನಿಂದ ಕಿವಿ ಹಿಂಡಿಸಿಕೊಂಡವರು. ಗರಿ ಎಂದರೇನೆಂದು ಅವರಿಗೆ ನಮ್ಮಷ್ಟೇ ಗೊತ್ತು. ಅಂದು ಕುರ್ಚಿಗಳನ್ನು ಅಲ್ಲೇ ಹಾಕಿಸಿದವರು ಅವರೇ. ಯಾರೂ ಬಾಯಿ ಬಿಡಲಾರದ ಜಾಗವನ್ನೇ ಹುಡುಕಿ, ಅಲ್ಲಿ ನಿಮ್ಮನ್ನು ಕೂರಿಸಿ, ‘ತಕರಾರು ಇದ್ದವರು ಈಗಲೇ ಹೇಳಿ’ ಎಂದು ಕೇಳಿಸಿದರು. ಎಂಥ ಜಾಣತನ! ನಿಮ್ಮ ಕಿವಿಗೆ ಅವರು ಹೂವಿಟ್ಟರೋ, ಇಬ್ಬರೂ ಸೇರಿ ನಮ್ಮ ಕಿವಿಗಿಟ್ಟಿರೋ, ಅದನ್ನು ನೀವೇ ಹೇಳಬೇಕು.

ಇನ್ನು ನನ್ನ ಬಾಳೆಹಣ್ಣಿನ ವಿಷಯ. ಮನೆಗೆ ಬಂದವರಿಗೆ ಕಹಿ ಮಾತು ಹೇಳುವ ಮೊದಲು ತಿನ್ನಲು ಕೊಡುವುದು ನಮ್ಮ ಪದ್ಧತಿ. ಹಸಿದವನಿಗೆ ‘ಆಗುವುದಿಲ್ಲ’ ಎನ್ನಬಾರದು. ನೀವು ಮೇಲೆ ಬರಲಿಲ್ಲವಲ್ಲ, ನಾನೇ ತಟ್ಟೆ ಹಿಡಿದು ಇಳಿದು ಗರಿಯ ಹೊರಗಿನಿಂದಲೇ ನೀಡಿದೆ, ತಿಂದಮೇಲಾದರೂ ಮೇಲಕ್ಕೆ ಬರುತ್ತೀರಿ ಎಂದು. ಮಿನ್ಸೆ ನಿಮಗೆ ಹೇಳಬೇಕಾದದ್ದನ್ನು ಒಲೆಯ ಮುಂದೆ ಕೂತು ಉರು ಹೊಡೆದಿದ್ದಳು. ನೀವು ತಿಂದಿರಿ, ಮೆಣಸಿನ ಚಟ್ನಿ ಇನ್ನಷ್ಟು ಬೇಕೆಂದು ಕೈಸನ್ನೆ ಮಾಡಿದಿರಿ, ಬಾಯಿ ಒರೆಸಿಕೊಂಡಿರಿ. ಅಲೆ ಏಳುವುದರೊಳಗೆ ಹೊರಡಬೇಕು ಎಂದು ಬೋಟು ಹತ್ತಿದಿರಿ. ನಮ್ಮ ‘ಆಗುವುದಿಲ್ಲ’ ಗಂಟಲಲ್ಲೇ ಉಳಿಯಿತು, ನಮ್ಮ ಬಾಳೆಹಣ್ಣು ನಿಮ್ಮ ಹೊಟ್ಟೆ ಸೇರಿ ಬೆಂಬಲವಾಯಿತು.

ವರದಿಯಲ್ಲಿ ಇನ್ನೊಂದು ಪದ ಕಂಡೆ. ನಮ್ಮ ಕೊಲ್ಲಿ ‘ಬಳಕೆಯಾಗದೆ ಬಿದ್ದಿರುವ ಜಲಪ್ರದೇಶ’ವಂತೆ. ಮಾನ್ಯರೇ, ಬೀಜ ಬಿತ್ತಿದ ಹೊಲವನ್ನು ಕಂಡು ಇಲ್ಲಿ ಯಾರೂ ಓಡಾಡುತ್ತಿಲ್ಲ, ಖಾಲಿ ಇದೆ ಎನ್ನುತ್ತೀರಾ? ನಿನ್ನೆ ಮುಂಜಾನೆ ದೊಮಿಂಗ್ಗುಸ್ ಅಜ್ಜ ಗರಿ ಬಿಚ್ಚಿದ. ಊರಿಗೆ ಊರೇ ನೀರಿಗಿಳಿಯಿತು. ಬಲೆಗಳಲ್ಲಿ ಬೆಳ್ಳಿಬಣ್ಣದ ಸಣ್ಣ ಮೀನು ಹೊರಲಾರದಷ್ಟು. ಮೊದಲ ಪಾಲು ವಿಧವೆಯರಿಗೆ, ತಬ್ಬಲಿ ಮಕ್ಕಳಿಗೆ. ನನ್ನ ಗಂಡ ಕಡಲಿಗೆ ಹೋಗಿ ಹಿಂತಿರುಗದ ವರ್ಷದಿಂದ ನನಗೂ ಆ ಪಾಲು ಬರುತ್ತಿದೆ. ಉಪ್ಪು ಹಾಕಿ ಒಣಗಿಸಿದರೆ ನನ್ನ ಒಲೆ ವರ್ಷವಿಡೀ ಆರುವುದಿಲ್ಲ. ಯಾರ ಮುಂದೆಯೂ ಕೈಯೊಡ್ಡದೆ ಮಕ್ಕಳನ್ನು ಸಾಕಿದ್ದು ಆ ಪಾಲಿನಿಂದ. ಈ ನೀರಿನ ಮೇಲೆ ನೀವು ಗಾಳಿ ತುಂಬಿದ ಜಾರುಬಂಡೆ ತೇಲಿಸುತ್ತೀರಂತೆ, ನೀರು ಸ್ಕೂಟರ್ ಓಡಿಸುತ್ತೀರಂತೆ, ಹನ್ನೆರಡು ತಿಂಗಳೂ ಸಂಗೀತವಂತೆ. ನನಗೆ ಅಲ್ಲಿ ಒಂದು ಅಂಗಡಿ ಕೊಡುತ್ತೀರಂತೆ, ಸಮವಸ್ತ್ರದ ಸಮೇತ. ಮಹದುಪಕಾರ. ಮೀನು ಇಲ್ಲದ ವರ್ಷ ಆ ಸಮವಸ್ತ್ರವನ್ನೇ ಕರಿದು ಮಾರಲೇ?

ಈಗ ನನ್ನ ಬೇಡಿಕೆ ಕೇಳಿ. ಗರಿ ಬಿಚ್ಚಿದೆ, ಆದ್ದರಿಂದ ಜೋರಾಗಿಯೇ ಹೇಳುತ್ತಿದ್ದೇನೆ. ‘ಸ್ಥಳೀಯ ವ್ಯಾಪಾರಸ್ಥರ ಬೆಂಬಲ’ ಎಂಬ ಸುಳ್ಳನ್ನು ವರದಿಯಿಂದ ತೆಗೆದುಹಾಕಿ, ತೆಗೆದದ್ದನ್ನು ಫೋಟೋ ಹಾಕಿದಷ್ಟೇ ದೊಡ್ಡದಾಗಿ ಪ್ರಕಟಿಸಿ. ಆಮೇಲೆ ಚರ್ಚಿನ ಅಂಗಳಕ್ಕೆ ಬನ್ನಿ, ಮೈಕು ಬೇಡ, ನಮ್ಮ ಗಂಟಲು ಗಟ್ಟಿಯಾಗಿದೆ. ಅಧ್ಯಕ್ಷರನ್ನೂ ಕರೆತನ್ನಿ, ಅವರಿಗೆ ದಾರಿ ಗೊತ್ತು. ಬಾಳೆಹಣ್ಣು ಈ ಸಲವೂ ಕೊಡುತ್ತೇನೆ. ತಿಂದು ಮುಗಿಸಿ, ಕೂತು, ಮಿನ್ಸೆ ಹೇಳುವುದನ್ನು ಪೂರ್ತಿ ಕೇಳಿ. ನಮ್ಮಲ್ಲಿ ಗರಿ ಮುರಿದವರು ಊರ ಮುಂದೆ ತಮ್ಮ ಕೈಯಾರೆ ಹೊಸ ಗರಿ ಕಟ್ಟಬೇಕು. ಆ ಕೆಲಸವನ್ನು ನೀವೂ ಮಾಡಿ. ಗಂಟು ಹಾಕುವುದನ್ನು ದೊಮಿಂಗ್ಗುಸ್ ಅಜ್ಜ ಹೇಳಿಕೊಡುತ್ತಾನೆ, ಬಯ್ಯುವುದಿಲ್ಲ.

ಬರುವುದಿದ್ದರೆ ಬೇಗ ಬನ್ನಿ. ಇನ್ನು ಕೆಲವೇ ದಿನಗಳಲ್ಲಿ ಗರಿ ಮತ್ತೆ ಏರುತ್ತದೆ, ನಾವು ಮತ್ತೆ ಸುಮ್ಮನಾಗುತ್ತೇವೆ. ಆಗ ನೀವು ದಡದಲ್ಲಿ ನಿಂತು ಏನನ್ನೇ ಕೇಳಿದರೂ ಯಾರೂ ಉತ್ತರ ಕೊಡುವುದಿಲ್ಲ. ಆ ಮೌನಕ್ಕೆ ‘ಆಗುವುದಿಲ್ಲ’ ಎಂದೇ ಅರ್ಥ, ಈ ಸಲವಾದರೂ ಹಾಗೆಯೇ ಬರೆದುಕೊಳ್ಳಿ.

ಇಂತಿ,
ನಿಮ್ಮ ಫೋಟೋದ ಅಂಚಿನಲ್ಲಿ ತಟ್ಟೆ ಹಿಡಿದು ನಕ್ಕಂತೆ ಕಾಣುವವಳು, ಆದರೆ ನಗದಿದ್ದವಳು,
ಓರ್ಪಾ ನನ್ಲೋಹಿ,
ಕರಿದ ಬಾಳೆಹಣ್ಣಿನ ಅಂಗಡಿ, ದೋಣಿಕಟ್ಟೆ