ಗೇಟಿನ ಮೇಲಿನ ಬೋರ್ಡು

ಅಕ್ಕಾ,

ಇವತ್ತು ಆಫೀಸಲ್ಲಿ ಜಗಳ ಆಡಿ ಬಂದೆ. ನೀನಿದ್ದಿದ್ದರೆ "ನಿನಗೆ ಮೂಗಿನ ತುದೀಲೇ ಕೋಪ ಕಣೇ" ಅಂತ ನಗ್ತಿದ್ದೆ.

ನಮ್ಮ ಎಚ್‌ಐವಿ ಸಂಶೋಧನಾ ವಿಭಾಗದ ಗೇಟಿಗೆ ಹೊಸ ಬೋರ್ಡು ಹಾಕಿದ್ದಾರೆ. ಬಸ್‌ಸ್ಟಾಪಿನಿಂದಲೇ ಓದಬಹುದು, ಅಷ್ಟು ದೊಡ್ಡ ಅಕ್ಷರ. ಅದರ ಕೆಳಗೇ, ರಸ್ತೆಗೆ ಮುಖ ಮಾಡಿ, ಪರೀಕ್ಷೆಗೆ ಬಂದವರು ಕಾಯುವ ಬೆಂಚು. ಫೋನಿನಲ್ಲಿ ಮೊದಲೇ ಹೆಸರು ಬರೆಸಿ ಬೆಳಿಗ್ಗೆ ಬಂದ ಹೆಂಗಸೊಬ್ಬಳು ಬೋರ್ಡು ನೋಡಿದವಳೇ ಬಂದ ದಾರಿ ಹಿಡಿದಳು.

ನಿರ್ದೇಶಕರಿಗೆ ಹೇಳಿದೆ. "ನಾವೇ ನಾಚಿಕೊಂಡರೆ ಜನರ ನಾಚಿಕೆ ಹೋಗೋದು ಹೇಗಮ್ಮ?" ಅಂದರು. ಮೈಯೆಲ್ಲ ಉರಿದುಹೋಯಿತು. "ನಿಮ್ಮ ಪಕ್ಕದ ಮನೆಯವರು ಬಸ್ ಇಳಿಯೋ ಹೊತ್ತಿಗೆ ಆ ಬೆಂಚಿನ ಮೇಲೆ ಕೂತು ನೋಡಿ ಸಾರ್" ಅಂದೆ.

"ರಿಜಿಸ್ಟರ್ ಬರೆಯೋದು ನೀವೇ ಅಲ್ವಾ? ಚಿಕಿತ್ಸೆ ಬಿಟ್ಟುಹೋದವರ ನಂಬರಿನ ಮುಂದೆಲ್ಲ 'ಸ್ವಇಚ್ಛೆಯಿಂದ' ಅಂತಿದೆ" ಅಂದರು.

ಹೌದು, ನಾನೇ ಬರೆದಿದ್ದು. ನಿನ್ನ ನಂಬರಿನ ಮುಂದೂ ಅದನ್ನೇ ಬರೆದೆ. ಆಗ ಈ ಬೋರ್ಡಿಲ್ಲದಿದ್ದರೂ ಆ ಬೆಂಚು ಯಾತಕ್ಕೆ ಅಂತ ಎಲ್ಲರಿಗೂ ಗೊತ್ತಿತ್ತು. ಪಕ್ಕದ ಮನೆಯಾಕೆ ನಿನ್ನನ್ನು ಅದರ ಮೇಲೆ ಕಂಡು ಬೀದಿಗೆಲ್ಲ ಡಂಗುರ ಹೊಡೆದ ಮೇಲೆ ನೀನು ಕೇಳಿದೆ, "ಹಿಂಬಾಗಿಲಿಂದ ಒಳಗೆ ಬಿಡ್ತೀಯೇನೆ?" ಅಂತ. "ಹಾಗೆ ಮಾಡೋಹಾಗಿಲ್ಲ ಅಕ್ಕ" ಅಂದೆ ನಾನು. ನೀನು ಮತ್ತೆ ಬರಲಿಲ್ಲ. ನಾನು ಮನೆಗೆ ತಂದುಕೊಟ್ಟ ಮಾತ್ರೆಯನ್ನೂ ಮುಟ್ಟಲಿಲ್ಲ. ಆಮೇಲೆ ನೀನು ಉಳಿದದ್ದು ಎಂಟೇ ತಿಂಗಳು.

ಇವತ್ತು ಯಾರನ್ನೂ ಕೇಳದೆ ಬೆಂಚನ್ನು ಹಿತ್ತಲಿಗೆ ಎಳೆದು ಹಿಂಬಾಗಿಲು ತೆಗೆದೆ. ಬೆಳಗಿನ ಹೆಂಗಸಿಗೆ ಫೋನ್ ಮಾಡಿದೆ, ಮಧ್ಯಾಹ್ನ ಬಂದಳು. ನಿರ್ದೇಶಕರು ನೋಡಿ ತಮ್ಮ ಕೋಣೆಗೆ ಹೋದರು. ಕೆಲಸ ಉಳಿಯುತ್ತೋ ಇಲ್ಲವೋ, ಹೋದರೆ ಹೋಗಲಿ.

ಆ ಬಾಗಿಲು ತೆಗೆಯೋಕೆ ಒಂದು ನಿಮಿಷವೂ ಹಿಡಿಯಲಿಲ್ಲ, ಅಕ್ಕ.