ಕಲ್ಲಿದ್ದಲ ದೋಣಿಯಿಂದ ಹಿರೇಕೆರೂರಿಗೆ

ಸವಣೂರು,
೮ ಡಿಸೆಂಬರ್ ೧೯೪೬

ಚಿ. ಸೌ. ಸರೋಜವ್ವನಿಗೆ ಅಜ್ಜಪ್ಪನ ಪ್ರೀತಿಯ ನೆನಪುಗಳು.

ನಾವು ಇಲ್ಲಿ ಆರೋಗ್ಯವಾಗಿದ್ದೇವೆ. ಮಾವನವರ ಕೆಮ್ಮು ಇಳಿದಿದೆ ಎಂದು ಯಲವಿಗಿ ಸ್ಟೇಶನ್ನಿನಲ್ಲಿ ಸಿಕ್ಕ ನಿಮ್ಮೂರಿನವರೊಬ್ಬರು ಹೇಳಿದರು, ಸಮಾಧಾನವಾಯಿತು. ದೀಪಾವಳಿಗೆ ಮೊದಲೇ ಬರೆಯಬೇಕಿದ್ದ ಕಾಗದ ಇದು. ವೀಳ್ಯದ ಎಲೆತೋಟದಲ್ಲಿ ಕೆಲಸವಿತ್ತು ಎಂದು ನೆಪ ಹೇಳಬಹುದು, ಆದರೆ ನೀನು ನಂಬುವವಳಲ್ಲ. ವಿಲಾಯತಿಯಿಂದ ತಿರುಗಿ ಬಂದ ಮೇಲೆ ಹಿರೇಕೆರೂರಿಗೆ ಬಂದು ನಿಮ್ಮ ಪಡಸಾಲೆಯಲ್ಲಿ ಸಂಜೆಯವರೆಗೆ ಕುಳಿತೆ. ನೀನು ಹೊರಗೆ ಬರಲಿಲ್ಲ. ಮಾವನವರು ಚಹಾದ ಬಟ್ಟಲು ಮುಂದಿಟ್ಟು, "ಅಕಿ ಆ ಮನೀಗೆ ಬರೂದಿಲ್ಲ ಅಂತಾಳಪಾ, ನಾ ಏನ್ ಹೇಳ್ಲಿ" ಎಂದರು. ಆಮೇಲೆ ಏನು ಬರೆಯಬೇಕೋ ನನಗೆ ತಿಳಿಯಲಿಲ್ಲ.

ನಮ್ಮ ಕೂಸು ತೀರಿಹೋದ ಮೇಲೆ ನೀನು ಸವಣೂರಿಗೆ ಕಾಲಿಟ್ಟಿಲ್ಲ. ನೀನು ತಿರುಗಿ ಬರಬೇಕು ಎಂಬುದೇ ನನ್ನ ಆಸೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಎರಡು ವರ್ಷ ಸಮುದ್ರದಾಚೆ ಇದ್ದ ಗಂಡ ಎಂಥವನಾಗಿ ಬಂದಿದ್ದಾನೋ ನಿನಗೇನು ಗೊತ್ತು? ಅದಕ್ಕೇ ಮೊದಲು ಅಲ್ಲಿಯ ಕತೆ ಹೇಳುತ್ತೇನೆ. ರಾತ್ರಿ ಊಟವಾದ ಮೇಲೆ ಕಟ್ಟೆಯ ಮೇಲೆ ಕುಳಿತು ಹೇಳುತ್ತಿದ್ದೆನಲ್ಲ, ಹಾಗೆಯೇ ಅಂದುಕೋ.

ಹುಬ್ಬಳ್ಳಿಯ ರೈಲು ಕಾರ್ಖಾನೆಯಿಂದ ಆರಿಸಿ ನಮ್ಮನ್ನು ವಿಲಾಯತಿಗೆ ಕಳಿಸಿದ್ದು ಯಂತ್ರದ ಕೆಲಸ ಕಲಿಯಲು. ನಾನಿದ್ದ ಊರು ಕೊವೆಂಟ್ರಿ. ಬಾಂಬು ಬಿದ್ದು ನಡುಪೇಟೆಯೆಲ್ಲ ಬಯಲಾಗಿತ್ತು. ನಮ್ಮ ಕಾರ್ಖಾನೆಯ ಹಿಂದೆಯೇ ಒಂದು ಕಾಲುವೆ. ಹೊಲಕ್ಕೆ ನೀರು ಹಾಯಿಸುವ ಕಾಲುವೆಯಲ್ಲ, ಸರಕು ಸಾಗಿಸುವುದಕ್ಕೆಂದೇ ಅವರ ಮುತ್ತಜ್ಜಂದಿರು ತೋಡಿದ್ದು. ನಮ್ಮಲ್ಲಿ ಚಕ್ಕಡಿ ಹೋಗುವ ಹಾಗೆ ಅಲ್ಲಿ ದೋಣಿಗಳು ಹೋಗುತ್ತವೆ. ಉದ್ದನ್ನ ದೋಣಿ, ಅಗಲ ನಮ್ಮ ಓಣಿಯಷ್ಟೂ ಇಲ್ಲ. ಒಂದು ಕುದುರೆ ದಂಡೆಯ ಮೇಲೆ ನಡೆಯುತ್ತ ಹಗ್ಗದಿಂದ ಅದನ್ನು ಎಳೆಯುತ್ತದೆ. ಆಗಲೇ ಬಹಳ ದೋಣಿಗಳಿಗೆ ಎಂಜಿನ್ ಬಂದಿತ್ತು. ಕುದುರೆ ಬಿಡದವರು ಕೆಲವರೇ ಉಳಿದಿದ್ದರು.

ಅಂಥವರೇ ನನ್ನ ಗೆಳೆಯರಾದ ಆಲ್ಫ್ರೆಡ್ ಮತ್ತು ಅವನ ಹೆಂಡತಿ ಹ್ಯಾನಾ. ಇಬ್ಬರಿಗೂ ಅರವತ್ತು ದಾಟಿತ್ತು. ಕಾರ್ಖಾನೆಗೆ ಕಲ್ಲಿದ್ದಲು ತರುತ್ತಿದ್ದರು. ದೋಣಿಯ ಹಿಂಭಾಗದಲ್ಲಿ ಒಂದು ಪುಟ್ಟ ಕೋಣೆ, ಅದೇ ಅವರ ಮನೆ. ಒಲೆ, ಮಂಚ, ಫಳಫಳ ಹೊಳೆಯುವ ಹಿತ್ತಾಳೆ, ಬಾಗಿಲ ಮೇಲೆ ಬಣ್ಣದ ಗುಲಾಬಿ. ಸುತ್ತೆಲ್ಲ ಕಲ್ಲಿದ್ದಲ ಧೂಳು, ಒಳಗೆ ಮಾತ್ರ ಬೆರಳಿಗೆ ಕಪ್ಪು ಹತ್ತುವುದಿಲ್ಲ. ಮೊದಲ ದಿನ ನಾನು ಬೂಟು ದಂಡೆಯ ಮೇಲೆ ಬಿಟ್ಟು ಹತ್ತಿದೆ. ಎಲೆತೋಟಕ್ಕೆ ಕಾಲಿಡುವಾಗ ಬಿಡುವುದಿಲ್ಲವೇ, ಅದೇ ರೂಢಿ. ಹ್ಯಾನಾ ನನ್ನ ಬರಿಗಾಲು ನೋಡಿದಳು, ಗಂಡನ ಬೂಟು ನೋಡಿದಳು. ಅಂದಿನಿಂದ ಅವಳು ನನ್ನ ಪಕ್ಷ. ಪ್ರತಿ ಭಾನುವಾರ ನನಗಲ್ಲಿ ಒಂದು ಬಟ್ಟಲು ಚಹಾ ಕಾದಿರುತ್ತಿತ್ತು.

ಅವರ ಸಂಸಾರ ನೋಡಿ ನನಗೆ ನಗು ಬರುತ್ತಿತ್ತು. ಆಲ್ಫ್ರೆಡ್ ಮುಂದೆ ಕುದುರೆಯ ಜೊತೆ ನಡೆಯುವುದು, ಹ್ಯಾನಾ ಹಿಂದೆ ದೋಣಿಯ ಚುಕ್ಕಾಣಿ ಹಿಡಿದು ನಿಲ್ಲುವುದು. ನಡುವೆ ಅಷ್ಟುದ್ದ ಹಗ್ಗ. ಮುಂಜಾನೆಯ ಜಗಳಕ್ಕೆ ಉತ್ತರ ಕೊಡಬೇಕೆಂದರೆ ಮಧ್ಯಾಹ್ನ ಲಾಕ್ ಬರುವ ತನಕ ಕಾಯಬೇಕು. ಲಾಕ್ ಎಂದರೆ ಎರಡೂ ಕಡೆ ಬಾಗಿಲಿರುವ ಕಲ್ಲಿನ ತೊಟ್ಟಿ. ದೋಣಿಯನ್ನು ಅದರೊಳಗೆ ತಂದು, ನೀರು ತುಂಬಿಸಿ ಮೇಲಕ್ಕೆತ್ತುತ್ತಾರೆ. ಅಲ್ಲಿ ಗಂಡ ಹೆಂಡತಿ ಹತ್ತಿರ ಬರುತ್ತಾರೆ. ಹ್ಯಾನಾ ಕೂಡಿಟ್ಟ ಮಾತನ್ನೆಲ್ಲ ಅಲ್ಲಿ ಸುರಿಯುವಳು. ನೀರು ಬೇಗ ತುಂಬಲಿ ಎಂದು ಆಲ್ಫ್ರೆಡ್ ದೇವರಿಗೆ ಬೇಡಿಕೊಳ್ಳುತ್ತಿದ್ದನಂತೆ, ಅವನೇ ನನಗೆ ಹೇಳಿದ್ದು.

ಈಗ ನನ್ನ ಪರಾಕ್ರಮ ಕೇಳು. ಕ್ರಿಸ್‌ಮಸ್ ರಜೆಗೆ ಅವರ ಜೊತೆ ಹೊರಟಿದ್ದೆ. ಒಂದು ಲಾಕಿನ ಬಾಯಲ್ಲಿ ತುಂಬಿದ ದೋಣಿ ನಿಂತುಬಿಟ್ಟಿತ್ತು, ಅದನ್ನು ಮತ್ತೆ ಕದಲಿಸುವುದು ಕುದುರೆಗೆ ಕಷ್ಟ. ಎತ್ತು ಕಟ್ಟಿ ನೀರೆತ್ತುವ ನಮ್ಮ ಕಪಿಲೆ ಬಾವಿ ನನಗೆ ನೆನಪಾಯಿತು. ಎತ್ತು ಇಳಿಜಾರಿನಲ್ಲಿ ಇಳಿಯುವಾಗ ನಾವು ಹಗ್ಗದ ಮೇಲೆ ಕುಳಿತು ಭಾರ ಕೊಡುತ್ತೇವಲ್ಲ, ಹಾಗೆ ಕುದುರೆಗೂ ಆಸರೆಯಾಗಲಿ ಎಂದು ಸಡಿಲಾಗಿದ್ದ ಹಗ್ಗದ ಮೇಲೆ ಕುಳಿತೆ. ಕುದುರೆ ಮುಂದಕ್ಕೆ ಬಾಗಿತು, ಹಗ್ಗ ಬಿಗಿಯಾಯಿತು, ಸವಣೂರಿನ ಅಜ್ಜಪ್ಪ ಕಾಲುವೆಯ ನಡುವೆ ಬಿದ್ದ. ಆ ಚಳಿಯ ನೀರನ್ನು ಶತ್ರುವಿಗೂ ಬಯಸಲಾರೆ. ಹ್ಯಾನಾ ಉದ್ದನೆಯ ಕೋಲು ಚಾಚಿ ಎಳೆದುಕೊಂಡಳು. ಆಲ್ಫ್ರೆಡ್ಡನ ಪ್ಯಾಂಟು ತೊಡಿಸಿ ಒಲೆಯ ಮುಂದೆ ಕೂರಿಸಿದಳು. ಹಲ್ಲು ಕಟಕಟಿಸುತ್ತ ನಾನು ಕಪಿಲೆ ಬಾವಿಯ ವಿಷಯ ವಿವರಿಸಿದೆ. ಆಲ್ಫ್ರೆಡ್ ಹೊರಗೆ ಹೋಗಿ ಕುದುರೆಯನ್ನು ವಿಚಾರಿಸಿ ಬಂದು, ಅದಕ್ಕೆ ನನ್ನ ಸಹಾಯ ಇನ್ನು ಮೇಲೆ ಬೇಡವಂತೆ ಎಂದ.

ನೀನು ಈಗ ಸ್ವಲ್ಪವಾದರೂ ನಕ್ಕಿರಬೇಕು. ನಕ್ಕಿದ್ದರೆ ಈ ಕಾಗದದ ಅರ್ಧ ಕೆಲಸವಾಯಿತು.

ಕೂಸು ಜ್ವರದಲ್ಲಿ ಹೋದಳೆಂಬ ಅಣ್ಣನ ಕಾಗದ ನನಗೆ ಮುಟ್ಟುವ ಹೊತ್ತಿಗೆ ಇಲ್ಲಿ ದಿನಕರ್ಮವೆಲ್ಲ ಮುಗಿದುಹೋಗಿತ್ತು. ಜೊತೆಯವರು ಸಮಾಧಾನ ಹೇಳಲು ಬಂದರು. ನಾನು ಎದ್ದು ದೋಣಿಗೆ ಹೋದೆ. ಹ್ಯಾನಾ ಚಹಾ ಕೊಟ್ಟು ಚುಕ್ಕಾಣಿಯನ್ನು ನನ್ನ ಕೈಗಿತ್ತಳು. ಸಂಜೆಯವರೆಗೆ ಅದನ್ನು ಹಿಡಿದುಕೊಂಡೇ ಇದ್ದೆ.

ಇನ್ನು ಅವ್ವನ ಮಾತು. ಕೂಸು ಹೋದ ವಾರದಲ್ಲೇ ಅವ್ವ ತೊಟ್ಟಿಲನ್ನು ತಡಸದಲ್ಲಿರುವ ಚಿಕ್ಕವ್ವನ ಮನೆಗೆ ಕೊಟ್ಟಳು, ನೀನು ಅಂದೇ ಹೊರಟುಹೋದೆ ಎಂದು ನನಗೆ ಅಣ್ಣ ಹೇಳಿದ. ಅವ್ವನನ್ನು ಕೇಳಲು ಇಷ್ಟು ದಿನ ನನಗೆ ಬಾಯಿ ಬರಲಿಲ್ಲ. ಮೊನ್ನೆ ತೋಟದಲ್ಲಿ ಎಲೆಯ ಕಟ್ಟು ಕಟ್ಟುತ್ತ ಕುಳಿತಿದ್ದಾಗ ಕೇಳಿದೆ, ಸೊಸೆ ಬೇಗ ಮರೆಯಲಿ ಎಂದು ಕೊಟ್ಟೆಯಾ ಅಂತ. ಅವ್ವ ಕೈಯಲ್ಲಿದ್ದ ಕಟ್ಟನ್ನು ಕಟ್ಟಿ ಮುಗಿಸಿದಳು. ಆಮೇಲೆ ತಲೆ ಎತ್ತದೆ ಹೇಳಿದಳು: "ಅಕೀ ಸಲುವಾಗಿ ಅಲ್ಲಪಾ. ನನ್ನ ಸಲುವಾಗಿ ಕೊಟ್ಟೆ. ಖಾಲಿ ತೊಟ್ಟಲಾ ನೋಡಿಕೋತ ನನಗ ಆ ಮನ್ಯಾಗ ಇರಾಕ ಆಗಲಿಲ್ಲ. ಅಕೀನ ಒಂದ ಮಾತ ಕೇಳಬೇಕಿತ್ತು, ಕೇಳಲಿಲ್ಲ."

ಇದನ್ನು ನಿನಗೆ ಬರೆಯಲೇ ಎಂದೆ. ಬರಿ ಎಂದಳು. ಕ್ಷಮಿಸು ಎಂದು ನಾನು ಅವ್ವನ ಪರವಾಗಿ ಕೇಳುವುದಿಲ್ಲ, ಅದು ನಿಮ್ಮಿಬ್ಬರ ನಡುವಿನದು. ಆದರೆ ಆ ಮನೆಯಲ್ಲಿ ಕೂಸನ್ನು ಯಾರೂ ಮರೆತಿಲ್ಲ. ಇದು ನಿನಗೆ ತಿಳಿದಿರಲಿ.

ಮಾವನವರಿಗೆ, ಅತ್ತೆಯವರಿಗೆ ನನ್ನ ಶರಣು. ಹಿರೇಕೆರೂರಿನ ಚಳಿ ನಮ್ಮ ಕಡೆಗಿಂತ ಹೆಚ್ಚು, ಕಂಬಳಿ ಹೊದ್ದು ಮಲಗು. ಶಿವ ನಿನ್ನ ಕೈ ಬಿಡದಿರಲಿ.

ನಿನ್ನವನು,
ಅಜ್ಜಪ್ಪ

ತಾ. ಕ. — ಕಾಗದ ಮಡಿಸಿ ಮತ್ತೆ ಬಿಚ್ಚಿದೆ. ಒಂದು ಮಾತು ಬರೆಯದೆ ಬಿಟ್ಟಿದ್ದೆ. ಅಣ್ಣನ ಕಾಗದ ಬಂದ ಆ ದಿನ ಸಂಜೆ ದೋಣಿ ಕಟ್ಟಿದ ಮೇಲೆ ಹ್ಯಾನಾ ಮಗುವಿನ ಹೆಸರು ಕೇಳಿದಳು. ಹೊಳೆವ್ವ ಎಂದೆ. ನೋಡಲು ಹೇಗಿದ್ದಳು ಎಂದು ಕೇಳಿದಳು. ನಾನು ಹಡಗು ಹತ್ತಿದಾಗ ನೀನು ಇನ್ನೂ ಬಸುರಿ. ಅವಳು ಹುಟ್ಟಿದಳು, ನಕ್ಕಳು, ಅಂಬೆಗಾಲಿಟ್ಟಳು, ಹೋದಳು. ಅವ್ವ ಅವಳನ್ನು ಎತ್ತಿಕೊಂಡಿದ್ದಾಳೆ, ಅಣ್ಣ ಆಡಿಸಿದ್ದಾನೆ, ಎಲೆ ಒಯ್ಯಲು ಬರುವ ಹಜರತಅಲಿ ಕೂಡ ಅವಳ ಕೆನ್ನೆ ಹಿಂಡಿದ್ದಾನೆ. ಇಲ್ಲಿ ಯಾರನ್ನು ಕೇಳಿದರೂ ಚೆಂದಿದ್ದಳು ಎನ್ನುತ್ತಾರೆ, ಅಷ್ಟೇ. ನೀನು ಸವಣೂರಿಗೆ ಬರಬೇಡ, ಬೇಕಾದರೆ ನನ್ನ ಮುಖವನ್ನೂ ನೋಡಬೇಡ. ಅವಳು ಹೇಗಿದ್ದಳು ಎಂದು ನನಗೆ ಬರೆದು ಕಳಿಸು. ಅಳಲು ಕುಳಿತರೆ ನನ್ನ ಕಣ್ಣ ಮುಂದೆ ಯಾವ ಮುಖವೂ ಬರುವುದಿಲ್ಲ, ಸರೋಜಾ.